ಅಗಸೆ ಎಣ್ಣೆ, ಬೇಕಲೈಟ್ ಹಲಗೆ ಮತ್ತು ಸರ್ನ್: ಪಿಎಚ್.ಡಿ. ವಿಷಯ ಆಯ್ಕೆಗೆ ಸಲಹೆ ಬೇಕು

ಬೆಣ್ಣೆನಗರಿ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಪಿಎಚ್.ಡಿ.ಗೆ ನೋಂದಾಯಿಸಿಕೊಳ್ಳುವ ಹಂತದಲ್ಲಿದ್ದೇನೆ. ಮಾರ್ಗದರ್ಶಕರು ಎರಡು ವಿಷಯ ಮುಂದಿಟ್ಟಿದ್ದಾರೆ. ಒಂದು, ನಮ್ಮ ಕಡೆ ಎಲ್ಲರೂ ಮಾಡುವಂಥದ್ದು: ದಹನ ವಿಧಾನದಲ್ಲಿ ಆಕ್ಸೈಡ್ ಪುಡಿ ತಯಾರಿಸಿ, ಅದಕ್ಕೆ ಒಂದಿಷ್ಟು ಯುರೋಪಿಯಂ ಬೆರೆಸಿ, ಅದು ಚೆಲ್ಲುವ ಬೆಳಕನ್ನು ಅಳೆಯುವುದು. ಇನ್ನೊಂದು, ಅಗಸೆ ಎಣ್ಣೆಯ ಲೇಪವಿರುವ ಬೇಕಲೈಟ್ ಹಲಗೆಗಳು ಶಾಖಕ್ಕೂ ತೇವಕ್ಕೂ ಸಿಕ್ಕಿ ಹೇಗೆ ಮುಪ್ಪಾಗುತ್ತವೆ ಎಂಬುದರ ಅಧ್ಯಯನ. ಜಿನೀವಾ ಬಳಿಯ ಕಣ ಭೌತಶಾಸ್ತ್ರ ಪ್ರಯೋಗಾಲಯ ಸರ್ನ್‌ನ ಕಣ ಶೋಧಕಗಳಲ್ಲಿ ಇಂಥ ಹಲಗೆಗಳಿವೆ ಎಂದು ಅವರು ಹೇಳುತ್ತಾರೆ.

ಮನೆಯಲ್ಲಿ ಇದನ್ನು ಹೇಳಿದರೆ ನಗುತ್ತಾರೆ. ಅಗಸೆ ಎಣ್ಣೆ ಸವರುವುದಕ್ಕೆ ಡಾಕ್ಟರೇಟ್ ಬೇಕೇ ಎಂದು ಅಪ್ಪ ಕೇಳಿದರು. ನಮ್ಮ ಪ್ರಯೋಗಾಲಯದಲ್ಲಿ ಇರುವುದು ಒಂದು ಮಫಲ್ ಕುಲುಮೆ, ಎಕ್ಸ್-ರೇ ಡಿಫ್ರಾಕ್ಷನ್ ಯಂತ್ರ, ಬಿಸಿ ಮಾಡಿದಾಗ ವಸ್ತು ಚೆಲ್ಲುವ ಬೆಳಕನ್ನು ಅಳೆಯುವ ಥರ್ಮೋಲುಮಿನಿಸೆನ್ಸ್ ರೀಡರ್, ಅತ್ಯಲ್ಪ ವಿದ್ಯುತ್ತನ್ನು ಅಳೆಯುವ ಒಂದು ಎಲೆಕ್ಟ್ರೋಮೀಟರ್. ಇಷ್ಟು ಇಟ್ಟುಕೊಂಡು ಅಷ್ಟು ದೊಡ್ಡ ಯಂತ್ರಕ್ಕೆ ನಿಜವಾಗಿ ಉಪಯೋಗವಾಗುವ ಕೆಲಸ ಸಾಧ್ಯವೇ? ಬಲ್ಲವರು ತಿಳಿಸಿ.

ಕೋಟೆಯಂಚಿನವ

ಚಿತ್ರದುರ್ಗದಲ್ಲಿ ಪಾಠ ಹೇಳಿ ನಿವೃತ್ತನಾದವನು ನಾನು. ನೇರವಾಗಿ ಹೇಳುತ್ತೇನೆ, ಬೇಸರ ಬೇಡ. ಪ್ರಬಂಧದ ಪೀಠಿಕೆಯಲ್ಲಿ ಸರ್ನ್, ಐಟರ್, ಲೈಗೋ ಎಂಬ ದೊಡ್ಡ ವಿಜ್ಞಾನ ಯೋಜನೆಗಳ ಹೆಸರು. ಒಳಗೆ ಹೋದರೆ ಅದೇ ಪುಡಿ, ಅದೇ ಡಿಫ್ರಾಕ್ಷನ್ ಗೆರೆ, ಅದೇ ಬಣ್ಣದ ತ್ರಿಕೋನ. ಕೊನೆಯ ಅಧ್ಯಾಯದಲ್ಲಿ ‘ಈ ವಸ್ತು ಪ್ರದರ್ಶಕ ಫಲಕಗಳಿಗೆ ಸೂಕ್ತ’ ಎಂಬ ವಾಕ್ಯ. ಆ ವಸ್ತುವಿನಿಂದ ಒಂದು ಫಲಕವನ್ನಾದರೂ ಯಾರಾದರೂ ಮಾಡಿದ್ದಾರೆಯೇ ಎಂದು ಮೌಖಿಕ ಪರೀಕ್ಷೆಯಲ್ಲಿ ಕೇಳಿದರೆ ಅಭ್ಯರ್ಥಿ ಮಾರ್ಗದರ್ಶಕರ ಮುಖ ನೋಡುತ್ತಾನೆ. ದೊಡ್ಡ ಹೆಸರು ಅನುದಾನದ ಅರ್ಜಿಗೆ ಒಡವೆ, ಅಷ್ಟೆ. ಬೇಕಲೈಟಿನ ವಿಷಯವೂ ಅದೇ ಜಾತಿಯದಲ್ಲ ಎಂದು ಯಾರಾದರೂ ತೋರಿಸಲಿ.

ಮಂಡಕ್ಕಿ ಭಟ್ಟಿ

ಮೇಷ್ಟ್ರೇ, ಹುಡುಗಿ ಕೇಳಿದ್ದು ಸಲಹೆ. ನೀವು ಮೌಖಿಕ ಪರೀಕ್ಷೆ ಇಲ್ಲಿಯೇ ಶುರು ಮಾಡಿದಿರಿ.

ದುರ್ಗದ ಹೊರಗಿನವಳು

ಹುಟ್ಟೂರು ಚಿತ್ರದುರ್ಗ, ಈಗ ಇರುವುದು ಯುರೋಪಿನಲ್ಲಿ, ಕೆಲಸ ಅನಿಲ ಶೋಧಕಗಳದ್ದು. ಮೇಷ್ಟ್ರ ಸವಾಲಿಗೆ ನಾನು ಉತ್ತರಿಸುತ್ತೇನೆ. ಅಗಸೆ ಎಣ್ಣೆ ನಗೆಪಾಟಲಿನ ವಿಷಯವಲ್ಲ. ಒಂದು ದೊಡ್ಡ ಪ್ರಯೋಗದ ಕಣ್ಣು ಮಂಜಾಗಿಸಿದ ಎಣ್ಣೆ ಅದು.

ಮೊದಲು ಉಪಕರಣ. ಅದರ ಹೆಸರು ರೆಸಿಸ್ಟಿವ್ ಪ್ಲೇಟ್ ಚೇಂಬರ್, ಎಲ್ಲರೂ ಆರ್‌ಪಿಸಿ ಎನ್ನುತ್ತಾರೆ. ಎರಡು ಬೇಕಲೈಟ್ ಹಲಗೆ, ನಡುವೆ 2 ಮಿಲಿಮೀಟರ್ ಸಂದು, ಸಂದಿನಲ್ಲಿ ಅನಿಲ, ಹಲಗೆಗಳ ಹೊರಮೈಗೆ ಗ್ರಾಫೈಟ್ ಬಣ್ಣ ಬಳಿದು ಅದರ ಮೂಲಕ ಸುಮಾರು ಹತ್ತು ಸಾವಿರ ವೋಲ್ಟ್. ಮ್ಯುಯಾನ್ ಕಣವೊಂದು ಹಾದುಹೋದರೆ ಅನಿಲದಲ್ಲಿ ಎಲೆಕ್ಟ್ರಾನುಗಳ ಪ್ರವಾಹವೇ ಏಳುತ್ತದೆ. ಹಲಗೆಯ ರೋಧಕತೆ ಹೆಚ್ಚಿರುವುದರಿಂದ ಆ ವಿಸರ್ಜನೆ ಹುಟ್ಟಿದ ಜಾಗದಲ್ಲೇ ಆರಿಹೋಗುತ್ತದೆ, ಉಳಿದ ಭಾಗ ಮುಂದಿನ ಕಣಕ್ಕೆ ಸಿದ್ಧವಾಗಿರುತ್ತದೆ. ಹಲಗೆ ಎಂದರೆ ಅಡುಗೆಮನೆಯ ಕಟ್ಟೆಗೂ ಮೇಜಿಗೂ ಅಂಟಿಸುವ ಲ್ಯಾಮಿನೇಟಿನ ಹತ್ತಿರದ ಸಂಬಂಧಿ: ಫೀನಾಲ್ ರಾಳದಲ್ಲಿ ಅದ್ದಿದ ಕಾಗದದ ಪದರಗಳನ್ನು ಒತ್ತಿ ಬೇಯಿಸಿದ್ದು. ಅದರ ಮೈ ಸೂಕ್ಷ್ಮವಾಗಿ ಒರಟು. ಒರಟು ಚೂಪುಗಳಿಂದ ಸುಮ್ಮನೆ ಕಿಡಿ ಹಾರುತ್ತದೆ. ಅದಕ್ಕೇ ಒಳಮೈಗೆ ಅಗಸೆ ಎಣ್ಣೆಯ ತೆಳು ಪದರ. ಕ್ರಿಕೆಟ್ ಬ್ಯಾಟಿಗೆ ಸವರಿ ಒಣಗಿಸುತ್ತಾರಲ್ಲ, ಅದೇ ಎಣ್ಣೆ. ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವುದು ಅದರ ಗುಣ.

ಕ್ಯಾಲಿಫೋರ್ನಿಯಾದ ಸ್ಲ್ಯಾಕ್ ಪ್ರಯೋಗಾಲಯದಲ್ಲಿ ಬಾಬಾರ್ ಎಂಬ ಪ್ರಯೋಗ 1999ರಲ್ಲಿ ಶುರುವಾಯಿತು. ಅದರ ಕಬ್ಬಿಣದ ಪದರಗಳ ನಡುವೆ ಇಂಥ ಚೇಂಬರುಗಳನ್ನು ಜೋಡಿಸಿದ್ದರು. ಮೊದಲ ಬೇಸಿಗೆಯಲ್ಲೇ ಒಳಗಿನ ಉಷ್ಣತೆ 30 ಡಿಗ್ರಿ ದಾಟಿತು. ಚೇಂಬರುಗಳು ಎಳೆಯುವ ವಿದ್ಯುತ್ ಏರತೊಡಗಿತು, ಕಣ ಹಿಡಿಯುವ ಸಾಮರ್ಥ್ಯ ಇಳಿಯತೊಡಗಿತು. ಆಮೇಲೆ ತಣ್ಣಗೆ ಮಾಡಿದರೂ ಹಳೆಯ ಸ್ಥಿತಿ ಮರಳಲಿಲ್ಲ. ಕೆಲವನ್ನು ಬಿಚ್ಚಿ ನೋಡಿದಾಗ ಕಂಡದ್ದು: ಪೂರ್ತಿ ಒಣಗದೆ ಉಳಿದ ಎಣ್ಣೆ ಹನಿಗಟ್ಟಿತ್ತು, ಕೆಲವು ಕಡೆ ಎರಡು ಹಲಗೆಗಳ ನಡುವೆ ಸೇತುವೆಯಂತೆ ನಿಂತಿತ್ತು. ಕೊನೆಗೆ ಒಂದು ಭಾಗಕ್ಕೆ ಹೊಸ ಚೇಂಬರುಗಳು ಬಂದವು, ನಡುವಣ ಭಾಗದಲ್ಲಿ ಆರ್‌ಪಿಸಿಗಳನ್ನೇ ತೆಗೆದು ಬೇರೆ ಬಗೆಯ ಶೋಧಕ ಕೂರಿಸಿದರು.

ಈ ಪಾಠ ಕಲಿತದ್ದರಿಂದಲೇ ಸರ್ನ್‌ನ ಚೇಂಬರುಗಳಿಗೆ ಎಣ್ಣೆಯನ್ನು ತೆಳುಗೊಳಿಸಿ ಹಚ್ಚಿ, ಗಾಳಿ ಹಾಯಿಸಿ ಚೆನ್ನಾಗಿ ಒಣಗಿಸುವ ಕ್ರಮ ಬಂತು. ಆ ಕೆಲಸ ನಡೆದದ್ದು ಎಲ್ಲಿ ಗೊತ್ತೇ? ಸರ್ನ್‌ನ ಸಿಎಂಎಸ್ ಎಂಬ ಪ್ರಯೋಗದ ತುದಿಭಾಗಕ್ಕೆ ಬೇಕಾದ ಸಂದುಗಳನ್ನು, ಅಂದರೆ ಎರಡು ಹಲಗೆ ಕೂಡಿಸಿದ ಘಟಕಗಳನ್ನು, ತಯಾರಿಸಿದ್ದು ಸಿಯೋಲ್‌ನ ಕೊರಿಯಾ ವಿಶ್ವವಿದ್ಯಾಲಯದ ಪ್ರಯೋಗಾಲಯ. ಅವುಗಳಲ್ಲಿ ಒಂದು ಪಾಲನ್ನು ಚೇಂಬರುಗಳಾಗಿ ಜೋಡಿಸಿ ಪರೀಕ್ಷಿಸಿದ್ದು ಮುಂಬೈನ ಭಾಭಾ ಪರಮಾಣು ಸಂಶೋಧನಾ ಕೇಂದ್ರ ಮತ್ತು ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯ. ಹಾಗಾಗಿ ಮಾರ್ಗದರ್ಶಕರು ಹೇಳಿದ್ದು ಪೀಠಿಕೆಯ ಒಡವೆಯಲ್ಲ.

ಕೋಟೆಯಂಚಿನವ

ಕಥೆ ಚೆನ್ನಾಗಿದೆ, ಒಪ್ಪಿದೆ. ಆದರೆ ಅದು 1999ರದ್ದು. ರೋಗ ಗೊತ್ತಾಯಿತು, ಮದ್ದೂ ಸಿಕ್ಕಿತು. ಈಗ ನಮ್ಮ ಹುಡುಗಿ ಕಾಲು ಶತಮಾನದ ನಂತರ ಅದೇ ಎಣ್ಣೆಯನ್ನು ಮತ್ತೆ ಅಳೆದು ಏನು ಹೇಳಬೇಕು?

ದುರ್ಗದ ಹೊರಗಿನವಳು

ಮದ್ದು ಸಿಕ್ಕಿದ್ದು ಒಂದು ರೋಗಕ್ಕೆ. ಚೇಂಬರಿನ ಅನಿಲದಲ್ಲಿ ಬಹುಪಾಲು ಆರ್-134ಎ, ಅಂದರೆ ಕಾರಿನ ಎಸಿಯಲ್ಲಿ ಇರುವುದೇ. ಭೂಮಿಯ ಶಾಖ ಏರಿಸುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿನ ಸಾವಿರ ಪಟ್ಟಿಗೂ ಮಿಗಿಲು. ಯುರೋಪಿನಲ್ಲಿ ಕಾನೂನು ಬಿಗಿಯಾಗುತ್ತಿದೆ, ಬದಲಿ ಅನಿಲ ಹುಡುಕುತ್ತಿದ್ದಾರೆ. ಅನಿಲ ಬದಲಾದರೆ ವಿಸರ್ಜನೆಯಲ್ಲಿ ಹುಟ್ಟುವ ರಾಸಾಯನಿಕಗಳೂ ಬದಲಾಗುತ್ತವೆ. ಫ್ಲೋರಿನ್ ಇರುವ ಅನಿಲದಿಂದ ಹೈಡ್ರೋಜನ್ ಫ್ಲೋರೈಡ್ ಹುಟ್ಟುತ್ತದೆ, ಅದು ಎಣ್ಣೆಯ ಪದರವನ್ನೂ ಹಲಗೆಯನ್ನೂ ತಿನ್ನುತ್ತದೆ. ಹೊಸ ಮಿಶ್ರಣದಲ್ಲಿ ಹಳೆಯ ಹಲಗೆ ಎಷ್ಟು ವರ್ಷ ಬಾಳೀತು ಎಂಬುದು ಇವತ್ತಿಗೂ ತೆರೆದ ಪ್ರಶ್ನೆ. ಸರ್ನ್‌ನಲ್ಲಿ ಸೀಸಿಯಂ-137 ಮೂಲದ ಎದುರು ಚೇಂಬರುಗಳನ್ನು ವರ್ಷಗಟ್ಟಲೆ ನಿಲ್ಲಿಸಿ ಪರೀಕ್ಷಿಸುವುದು ಇದಕ್ಕೇ.

ತೇವದ ಪ್ರಶ್ನೆಯೂ ಇದೆ. ಒಣ ಅನಿಲ ಹಾಯಿಸಿದರೆ ಹಲಗೆ ಒಣಗಿ ರೋಧಕತೆ ಏರುತ್ತದೆ, ಅದಕ್ಕೇ ಅನಿಲಕ್ಕೆ ಸುಮಾರು ಶೇ. 40ರಷ್ಟು ತೇವ ಬೆರೆಸುತ್ತಾರೆ. ಈ ಏರಿಳಿತವನ್ನು ಅಳೆಯಲು ಸುರಂಗ ಬೇಕಿಲ್ಲ. ಅಂಗೈ ಅಗಲದ ತುಂಡು, ಎಲೆಕ್ಟ್ರೋಮೀಟರ್, ಉಷ್ಣತೆ ತೇವ ಎರಡನ್ನೂ ಹಿಡಿದಿಡುವ ಪೆಟ್ಟಿಗೆ, ತಿಂಗಳುಗಟ್ಟಲೆ ತಾಳ್ಮೆ ಸಾಕು.

ಬೆಣ್ಣೆನಗರಿಗೆ ಒಂದು ಎಚ್ಚರಿಕೆ: ಹೈಡ್ರೋಜನ್ ಫ್ಲೋರೈಡಿನ ಭಾಗವನ್ನು ನೀವು ಮುಟ್ಟಬೇಡಿ. ಸರಿಯಾದ ಹೊಗೆಗೂಡು, ತರಬೇತಿ, ಪ್ರತಿವಿಷದ ಮುಲಾಮು ಇಲ್ಲದ ಕಡೆ ಅದು ಪ್ರಾಣಕ್ಕೆ ಸಂಚಕಾರ. ಶಾಖ ಮತ್ತು ತೇವ, ಇಷ್ಟಕ್ಕೆ ನಿಲ್ಲಿ.

ಹರಿಹರದ ಲೇಥ್

ನನ್ನದು ಪುಟ್ಟ ವರ್ಕ್‌ಶಾಪ್. ಹರಿಹರದ ಕಿರ್ಲೋಸ್ಕರ್ ಲೇಥಿನ ಮೇಲೆ ಕೈ ಪಳಗಿಸಿದವರ ಮಗ. ಭೌತಶಾಸ್ತ್ರ ನನಗೆ ಅಷ್ಟಕ್ಕಷ್ಟೆ, ಆದರೆ ದೊಡ್ಡ ಯಂತ್ರಗಳು ಕೆಡುವ ಸುದ್ದಿಯನ್ನು ಬಿಡದೆ ಓದುತ್ತೇನೆ. ಓದಿದಷ್ಟೂ ನನಗೆ ಕಾಣುವುದು ಒಂದೇ: ಸಿದ್ಧಾಂತ ಕೈಕೊಟ್ಟು ನಿಂತ ಯಂತ್ರ ಒಂದೂ ಇಲ್ಲ. ನಿಲ್ಲಿಸುವುದು ಬೆಸುಗೆ, ಲೇಪ, ತೊಳೆಯದೆ ಬಿಟ್ಟ ಮೂಲೆ.

ಸರ್ನ್‌ನ 27 ಕಿಲೋಮೀಟರ್ ಸುತ್ತಳತೆಯ ಕಣ ವೇಗವರ್ಧಕ ಎಲ್‌ಎಚ್‌ಸಿ 2008ರ ಸೆಪ್ಟೆಂಬರ್ 10ರಂದು ಚಾಲೂ ಆಯಿತು, 19ಕ್ಕೆ ನಿಂತಿತು. ಎರಡು ಅಯಸ್ಕಾಂತಗಳ ನಡುವಿನ ಒಂದು ಬೆಸುಗೆ ಕೀಲು ಸರಿಯಾಗಿ ಕೂತಿರಲಿಲ್ಲ. ಅದರ ರೋಧ ಒಂದು ಓಮ್‌ನ ಕೋಟಿಯ ಭಾಗದ ಲೆಕ್ಕದಲ್ಲಿ, ಸುಮಾರು 200 ನ್ಯಾನೊಓಮ್. ನಮ್ಮ ಮೀಟರಿನಲ್ಲಿ ಅದು ಸೊನ್ನೆ. ಆದರೆ 8,700 ಆಂಪಿಯರ್ ಹರಿಯುವ ಜಾಗದಲ್ಲಿ, ಮೈನಸ್ 271 ಡಿಗ್ರಿಯಲ್ಲಿ, ಅಷ್ಟೇ ಸಾಕಾಯಿತು. ಕೀಲು ಬಿಸಿಯಾಗಿ ಕರಗಿ ವಿದ್ಯುತ್ ಕಿಡಿ ಎದ್ದಿತು, ಹೀಲಿಯಂ ತೊಟ್ಟಿ ತೂತಾಯಿತು, ಸುಮಾರು 6 ಟನ್ ಹೀಲಿಯಂ ಸುರಂಗಕ್ಕೆ ನುಗ್ಗಿತು. ಟನ್‌ಗಟ್ಟಲೆ ತೂಕದ 53 ಅಯಸ್ಕಾಂತಗಳನ್ನು ಮೇಲಕ್ಕೆ ತರಬೇಕಾಯಿತು. ಮತ್ತೆ ಶುರುವಾದದ್ದು 2009ರ ನವೆಂಬರಿನಲ್ಲಿ.

ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಐಟರ್ ಸಮ್ಮಿಳನ ಯಂತ್ರದ ಕಥೆ ಇನ್ನೂ ಹೊಟ್ಟೆ ಉರಿಸುತ್ತದೆ. ಅದರ ಶಾಖತಡೆ ಫಲಕಗಳ ತಂಪು ಕೊಳವೆಗಳಲ್ಲಿ ಬಿರುಕು ಎಂದು 2022ರಲ್ಲಿ ಹೇಳಿದರು. ಫಲಕಗಳಿಗೆ ಬೆಳ್ಳಿ ಲೇಪ ಕೊಡುವಾಗ ಬೆಸುಗೆಯ ಪಕ್ಕದ ಸಣ್ಣ ಸಂದುಗಳಲ್ಲಿ ಕ್ಲೋರಿನ್ ಉಳಿಕೆ ಸಿಕ್ಕಿಕೊಂಡಿತ್ತು. ಸ್ಟೇನ್‌ಲೆಸ್ ಉಕ್ಕು, ಎಳೆತ, ಕ್ಲೋರೈಡ್, ಈ ಮೂರು ಸೇರಿದರೆ ಏನಾಗುತ್ತದೆ ಎಂದು ಯಾವ ಫಿಟ್ಟರನನ್ನು ಕೇಳಿದರೂ ಹೇಳುತ್ತಾನೆ. ಅದೇ ಐಟರ್‌ಗೆ ನಮ್ಮ ದೇಶ ಕಳಿಸಿದ ಕ್ರಯೋಸ್ಟಾಟ್, ಅಂದರೆ ಯಂತ್ರವನ್ನು ಒಳಗಿಟ್ಟುಕೊಳ್ಳುವ ಹೊರಕವಚ, 3,850 ಟನ್ ತೂಕದ ಉಕ್ಕಿನ ಪಾತ್ರೆ, ಗುಜರಾತಿನ ಹಜೀರಾದಲ್ಲಿ ತಯಾರಾದದ್ದು, ಸುಮಾರು 29 ಮೀಟರ್ ಅಗಲ. ಅಷ್ಟು ದೊಡ್ಡದು ಹೋಗಿ ಕೂತಿತು. ತೊಂದರೆ ಕೊಟ್ಟದ್ದು ಬೆರಳೂ ಹೋಗದ ಸಂದಿನಲ್ಲಿ ಉಳಿದ ಉಪ್ಪು.

ಚಳ್ಳಕೆರೆ ಬಯಲು

ಸರ್ನ್, ಫ್ರಾನ್ಸ್ ಎಲ್ಲ ಆಯಿತು. ಚಳ್ಳಕೆರೆ ಹತ್ತಿರದ ನಮ್ಮ ಕುದಾಪುರದ ವಿಷಯ ಯಾರೂ ಎತ್ತಲಿಲ್ಲ. ಅಮೃತ್ ಮಹಲ್ ಕಾವಲಿನ ಸಾವಿರಾರು ಎಕರೆ ವಿಜ್ಞಾನಕ್ಕೆಂದು ಹೋಯಿತು: ಭಾರತೀಯ ವಿಜ್ಞಾನ ಸಂಸ್ಥೆ, ಡಿಆರ್‌ಡಿಒ, ಇಸ್ರೋ, ಭಾಭಾ ಕೇಂದ್ರ. ಕುರಿ ದನ ಮೇಯಿಸುತ್ತಿದ್ದವರು ಹಸಿರು ನ್ಯಾಯಮಂಡಳಿಯವರೆಗೆ ಹೋದರು. ಬೇಲಿ ಬಿದ್ದು ಇಷ್ಟು ವರ್ಷವಾಯಿತು. ದಾವಣಗೆರೆಯ ವಿದ್ಯಾರ್ಥಿನಿ ಈಗಲೂ ಒಂದು ತುಂಡು ಹಲಗೆ ಪರೀಕ್ಷಿಸಲು ಎಲ್ಲಿಗೆ ಹೋಗಬೇಕು ಎಂದು ಇಲ್ಲಿ ಕೇಳಬೇಕೇ? ಪಕ್ಕದ ಜಿಲ್ಲೆಯ ಬೇಲಿಯ ಬಾಗಿಲು ಅವಳಿಗೆ ಕಾಣುವುದಿಲ್ಲವೇ?

ಮಂಡಕ್ಕಿ ಭಟ್ಟಿ

ಆ ಬಾಗಿಲಲ್ಲಿ ಅಧ್ಯಾಪಕರಿಗೆ ಪ್ರವೇಶವಿದೆ. ಕುದಾಪುರದ ಐಐಎಸ್‌ಸಿ ಆವರಣದಲ್ಲಿ ಪ್ರತಿಭಾ ಅಭಿವೃದ್ಧಿ ಕೇಂದ್ರವಿದೆ, ಶಾಲೆ ಕಾಲೇಜು ಶಿಕ್ಷಕರಿಗೆ ಪ್ರಯೋಗಗಳ ತರಬೇತಿ ಕೊಡುತ್ತಾರೆ. ನನ್ನ ತಂಗಿ ಹೋಗಿ ಬಂದಳು, ಮೆಚ್ಚಿಕೊಂಡಳು. ಆದರೆ ನಿಮ್ಮ ಮಾತಿನ ಖಾರ ಸರಿಯಾಗಿಯೇ ಇದೆ. ತರಬೇತಿ ಬೇರೆ, ಸಂಶೋಧನೆಗೆ ಉಪಕರಣ ತೆರೆದಿಡುವುದು ಬೇರೆ.

ಎಕ್ಸ್-ರೇ ಕೋಣೆ

ಪುಡಿಯ ಬಗ್ಗೆ ಎಲ್ಲರೂ ಇಷ್ಟು ಕೇವಲವಾಗಿ ಮಾತಾಡುವುದು ನೋಡಿ ಬರೆಯುತ್ತಿದ್ದೇನೆ. ಆಸ್ಪತ್ರೆಯ ಎಕ್ಸ್-ರೇ ವಿಭಾಗದಲ್ಲಿ ತಂತ್ರಜ್ಞ. ನನ್ನ ಎದೆಯ ಮೇಲೆ ದಿನವೂ ಒಂದು ಬ್ಯಾಡ್ಜ್ ಇರುತ್ತದೆ, ಕಾಲಕಾಲಕ್ಕೆ ಅದನ್ನು ಪರೀಕ್ಷೆಗೆ ಕಳಿಸುತ್ತಾರೆ, ನನ್ನ ಮೈಗೆ ಎಷ್ಟು ವಿಕಿರಣ ಬಿತ್ತೆಂದು ಅದು ಹೇಳುತ್ತದೆ. ಅದರೊಳಗೆ ಇರುವುದು ಡಿಸ್ಪ್ರೋಸಿಯಂ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟ್. ಬಿಸಿ ಮಾಡಿದರೆ ತಾನು ಉಂಡ ವಿಕಿರಣಕ್ಕೆ ತಕ್ಕಷ್ಟು ಬೆಳಕು ಚೆಲ್ಲುತ್ತದೆ. ಅದೂ ಒಂದು ಕಾಲಕ್ಕೆ ಯಾರದೋ ಪ್ರಯೋಗಾಲಯದ ಪುಡಿಯೇ ಆಗಿತ್ತಲ್ಲವೇ?

ದುರ್ಗದ ಹೊರಗಿನವಳು

ಆಗಿತ್ತು. ನಿಮ್ಮ ಮಾತು ಈ ಚರ್ಚೆಗೆ ಬೇಕಾಗಿತ್ತು.

ದಹನ ವಿಧಾನ ನಮ್ಮ ನಾಡಿನದೇ ಕೊಡುಗೆ. 1980ರ ದಶಕದಲ್ಲಿ ಬೆಂಗಳೂರಿನ ಐಐಎಸ್‌ಸಿಯಲ್ಲಿ ಕೆ.ಸಿ. ಪಾಟೀಲರ ತಂಡ ಅದನ್ನು ರೂಪಿಸಿತು. ಅಲ್ಯೂಮಿನಿಯಂ ನೈಟ್ರೇಟ್ ಮತ್ತು ಯೂರಿಯಾವನ್ನು ನೀರಲ್ಲಿ ಕರಗಿಸಿ 500 ಡಿಗ್ರಿಯ ಕುಲುಮೆಗೆ ಇಟ್ಟರೆ ಅದು ಕುದಿದು, ನೊರೆಯೆದ್ದು, ಇದ್ದಕ್ಕಿದ್ದಂತೆ ಉರಿ ಹತ್ತಿಕೊಳ್ಳುತ್ತದೆ. ಉರಿಯ ಶಾಖ ಕುಲುಮೆಯದಕ್ಕಿಂತ ಎಷ್ಟೋ ಹೆಚ್ಚು. ಕೆಲವೇ ನಿಮಿಷಗಳಲ್ಲಿ ಪಾತ್ರೆ ತುಂಬ ಬಿಳಿ ಅಲ್ಯೂಮಿನಾ. ಅಗ್ಗ, ಬೇಗ. ಅದೇ ಅದರ ಶಾಪವೂ ಆಯಿತು: ತಯಾರಿಸುವುದು ಸುಲಭವಾದ್ದರಿಂದ ಯಾಕೆ ತಯಾರಿಸುತ್ತಿದ್ದೇವೆ ಎಂಬ ಪ್ರಶ್ನೆ ಹಿಂದೆ ಬಿತ್ತು.

ಆ ಪ್ರಶ್ನೆಯನ್ನು ಮತ್ತೆ ಮುಂದೆ ತಂದರೆ ಪುಡಿಗೂ ಬೆಲೆ ಬರುತ್ತದೆ. ಸಿಎಂಎಸ್‌ನಲ್ಲಿ ಸುಮಾರು 76,000 ಲೆಡ್ ಟಂಗ್‌ಸ್ಟೇಟ್ ಹರಳುಗಳಿವೆ. ಗಾಜಿನಂತೆ ಪಾರದರ್ಶಕ, ಆದರೆ ಉಕ್ಕಿಗಿಂತ ಭಾರ. ವಿಕಿರಣ ತಾಗಿದಂತೆ ಅವುಗಳೊಳಗೆ ಬಣ್ಣದ ಕೇಂದ್ರಗಳು ಹುಟ್ಟಿ ಪಾರದರ್ಶಕತೆ ಕುಗ್ಗುತ್ತದೆ, ಬಿಡುವು ಕೊಟ್ಟರೆ ಒಂದಿಷ್ಟು ಚೇತರಿಸಿಕೊಳ್ಳುತ್ತದೆ. ಲೇಸರ್ ಹಾಯಿಸಿ ಅದನ್ನು ಸತತ ಗಮನಿಸುತ್ತಾರೆ. ಹರಳಿನ ಯಾವ ದೋಷದಲ್ಲಿ ಎಲೆಕ್ಟ್ರಾನ್ ಸಿಕ್ಕಿಕೊಳ್ಳುತ್ತದೆ, ಎಷ್ಟು ಶಾಖಕ್ಕೆ ಬಿಡುಗಡೆಯಾಗುತ್ತದೆ ಎಂದು ತಿಳಿಯುವ ಒಂದು ದಾರಿಯೇ ಥರ್ಮೋಲುಮಿನಿಸೆನ್ಸ್. ಬೆಣ್ಣೆನಗರಿಯ ಪ್ರಯೋಗಾಲಯದಲ್ಲಿ ಆ ರೀಡರ್ ಇದೆ. ಪ್ರದರ್ಶಕ ಫಲಕದ ಮಾತು ಬಿಟ್ಟು, ವಿಕಿರಣ ತಿಂದ ಹರಳಿನ ದೋಷಗಳ ಲೆಕ್ಕ ಹಿಡಿದರೆ ಮೊದಲ ವಿಷಯವೂ ಕೆಟ್ಟದ್ದೇನಲ್ಲ.

ವಿಕಿರಣ ಎಲ್ಲಿ ಸಿಗುತ್ತದೆ ಎಂದು ಕೇಳುವಿರಿ. ಮಂಗಳೂರು ವಿಶ್ವವಿದ್ಯಾಲಯದ ಮೈಕ್ರೋಟ್ರಾನ್ ಕೇಂದ್ರದಲ್ಲಿ 8 ಮೆಗಾ ಎಲೆಕ್ಟ್ರಾನ್‌ವೋಲ್ಟ್ ಎಲೆಕ್ಟ್ರಾನ್ ಕಿರಣವಿದೆ. ರಾಜ್ಯದ ಎಷ್ಟೋ ವಿಶ್ವವಿದ್ಯಾಲಯಗಳ ಮಾದರಿಗಳು ಅದರ ಎದುರು ನಿಂತು ಬಂದಿವೆ. ಭಾರಿ ಅಯಾನು ಬೇಕಾದರೆ ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರ, ಅದು ಇರುವುದೇ ವಿಶ್ವವಿದ್ಯಾಲಯಗಳಿಗಾಗಿ. ಸಿಂಕ್ರೋಟ್ರಾನ್ ಬೆಳಕಿಗೆ ಇಂದೋರಿನ ಇಂಡಸ್-2. ಹೊರಗೆ ಬೇಕೆಂದರೆ ಇಟಲಿಯ ಟ್ರಿಯೆಸ್ಟೆಯ ಎಲೆಟ್ರಾದಲ್ಲಿ ಐಐಎಸ್‌ಸಿ ಪಾಲುಗಾರಿಕೆಯ ಎರಡು ಕಿರಣರೇಖೆಗಳಿವೆ. ಇವು ಅರ್ಜಿ ಹಾಕಿ ಪಡೆಯುವಂಥವು, ಶಿಫಾರಸು ಹಿಡಿಯುವಂಥವಲ್ಲ.

ಕೋಟೆಯಂಚಿನವ

ಅರ್ಜಿ ಹಾಕಿದರೆ ಸಿಗುತ್ತದೆ ಎಂಬುದು ನಿಜ. ಆದರೆ ಹೊರಗಿನವಳು ಒಂದನ್ನು ಬಿಟ್ಟರು. ಕಿರಣ ಸಿಕ್ಕ ಮೇಲೆ ಅಲ್ಲಿಗೆ ಹೋಗುವ ಖರ್ಚು, ಮಾದರಿಯ ಶುಲ್ಕ, ವಿದ್ಯಾರ್ಥಿವೇತನ ತಡವಾದಾಗ ಸಾಲ, ಇವೆಲ್ಲ ಯಾರ ಲೆಕ್ಕ? ನನಗೆ ಗೊತ್ತಿರುವ ಹುಡುಗನೊಬ್ಬ ಪ್ರಯಾಣ ಭತ್ಯೆಯ ಕಡತದ ಹಿಂದೆ ಅಲೆದು ತನಗೆ ಕೊಟ್ಟ ಕಿರಣದ ದಿನಗಳನ್ನೇ ಕಳೆದುಕೊಂಡ. ಯಾವ ಸಂಸ್ಥೆ ಎಂದು ಹೇಳುವುದಿಲ್ಲ. ಭೌತಶಾಸ್ತ್ರದ ತೊಡಕಿಗಿಂತ ಗುಮಾಸ್ತೆಯ ಮೇಜು ದೊಡ್ಡದು.

ಅಳತೆಯ ಬಗ್ಗೆಯೂ ಹೇಳುತ್ತೇನೆ. ಏಪ್ರಿಲ್‌ನಲ್ಲಿ ದಾವಣಗೆರೆಯ ಕೋಣೆ ಮಧ್ಯಾಹ್ನ ಎಷ್ಟು ಕಾಯುತ್ತದೆ ಎಂದು ಎಲ್ಲರಿಗೂ ಗೊತ್ತು. ಬಾಬಾರ್ ಕೆಟ್ಟದ್ದು 30 ಡಿಗ್ರಿ ದಾಟಿದ್ದಕ್ಕೆ. ನಮ್ಮಲ್ಲಿ ಫ್ಯಾನಿನ ಕೆಳಗೇ ಅಷ್ಟು. ಜುಲೈನಲ್ಲಿ ತೇವ ಬೇರೆ. ಬೇಕಲೈಟಿನ ರೋಧಕತೆ 10ರ ಹತ್ತನೆಯ ಘಾತದಿಂದ ಹನ್ನೆರಡನೆಯ ಘಾತದವರೆಗಿನ ಓಮ್-ಸೆಂಟಿಮೀಟರ್‌ಗಳಲ್ಲಿ. ಅಲ್ಲಿ ಹರಿಯುವ ವಿದ್ಯುತ್ತು ಅತ್ಯಲ್ಪ. ಬೆವರಿನ ಕೈ ತಾಗಿದರೆ ಮೇಲ್ಮೈಯ ಮೂಲಕ ಸೋರಿದ್ದೇ ಒಳಗಿನದಕ್ಕಿಂತ ಹೆಚ್ಚಾಗುತ್ತದೆ. ಅದನ್ನು ತಡೆಯದೆ ಅಳೆದರೆ ಅವಳು ಅಳೆದದ್ದು ಹಲಗೆಯನ್ನಲ್ಲ, ಹವಾಮಾನವನ್ನು.

ದುರ್ಗದ ಹೊರಗಿನವಳು

ಮೇಷ್ಟ್ರು ಈಗ ಮಾರ್ಗದರ್ಶಕರ ಕೆಲಸ ಮಾಡುತ್ತಿದ್ದಾರೆ, ಗಮನಿಸಿದಿರಾ?

ಅವರು ಹೇಳಿದ ತೊಂದರೆಗೆ ಪರಿಹಾರ ಗಾರ್ಡ್ ಉಂಗುರ. ನಡುವೆ ದುಂಡನೆಯ ವಿದ್ಯುದಗ್ರ, ಅದರ ಸುತ್ತ ತೆಳುವಾದ ಅಂತರ ಬಿಟ್ಟು ಒಂದು ಉಂಗುರ. ಮೇಲ್ಮೈಯಲ್ಲಿ ಸೋರುವ ವಿದ್ಯುತ್ತನ್ನು ಉಂಗುರ ಹಿಡಿದು ನೆಲಕ್ಕೆ ಬಿಡುತ್ತದೆ, ಎಲೆಕ್ಟ್ರೋಮೀಟರ್ ಓದುವುದು ಒಳಗಿನದನ್ನು ಮಾತ್ರ. ವೋಲ್ಟ್ ಕೊಟ್ಟ ಕೂಡಲೇ ಓದಬೇಡಿ, ವಿದ್ಯುತ್ತು ಇಳಿಯುತ್ತಾ ಹೋಗುತ್ತದೆ. ಎಷ್ಟು ಹೊತ್ತಿಗೆ ಓದಿದಿರಿ ಎಂದು ಪ್ರತಿ ಸಲವೂ ಬರೆದಿಡಿ. ಸೆಖೆಯ ಕೋಣೆ ಶಾಪವಲ್ಲ ಎಂದೂ ಹೇಳುತ್ತೇನೆ. ಯುರೋಪಿನ ಪ್ರಯೋಗಾಲಯಗಳು ಬಿಸಿ ಮಾಡಲು ಪೆಟ್ಟಿಗೆ ಕಟ್ಟುತ್ತವೆ. ನಿಮ್ಮಲ್ಲಿ ಏಪ್ರಿಲ್ ಮತ್ತು ಜುಲೈ ಪುಕ್ಕಟೆ. ಪೆಟ್ಟಿಗೆಯೊಳಗಿನ ತುಂಡಿನ ಜೊತೆಗೆ ಹೊರಗೂ ಒಂದು ತುಂಡನ್ನು ವರ್ಷಪೂರ್ತಿ ಇಟ್ಟು, ಪಕ್ಕದಲ್ಲಿ ಉಷ್ಣತೆ ತೇವ ದಾಖಲಿಸಿ. ಭಾರತದಲ್ಲಿ ಆರ್‌ಪಿಸಿ ಕಟ್ಟುವವರು ಆ ದಾಖಲೆಯನ್ನು ಖಂಡಿತ ಕೇಳಿ ಪಡೆಯುತ್ತಾರೆ.

ಸೇರುವ ದಾರಿಯೂ ಇದೆ. ಸರ್ನ್‌ನಲ್ಲಿ 2024ರಿಂದ ಶೋಧಕ ಸಂಶೋಧನೆಗೆ ಡಿಆರ್‌ಡಿ ಎಂಬ ಹೊಸ ಕೂಟಗಳು ನಡೆಯುತ್ತಿವೆ, ಅನಿಲ ಶೋಧಕಗಳದ್ದು ಡಿಆರ್‌ಡಿ1. ಭಾರತ 2017ರಿಂದ ಸರ್ನ್‌ನ ಸಹಸದಸ್ಯ. ಮೊದಲ ವರ್ಷವೇ ಸದಸ್ಯತ್ವದ ಚಿಂತೆ ಬೇಡ. ಅಳತೆ ಗಟ್ಟಿಯಾದ ಮೇಲೆ ಈಗಾಗಲೇ ಒಳಗಿರುವ ಭಾರತದ ಗುಂಪೊಂದಕ್ಕೆ ಪತ್ರ ಬರೆಯಿರಿ, ಜೊತೆಗೆ ದತ್ತಾಂಶ ಇರಲಿ.

ಬೆಣ್ಣೆನಗರಿ

ಇಷ್ಟೊಂದು ಉತ್ತರ ನಿರೀಕ್ಷಿಸಿರಲಿಲ್ಲ. ಬೇಕಲೈಟ್ ವಿಷಯವನ್ನೇ ತೆಗೆದುಕೊಳ್ಳುತ್ತೇನೆ ಎಂದು ಮಾರ್ಗದರ್ಶಕರಿಗೆ ಇವತ್ತು ತಿಳಿಸಿದೆ. ಇನ್ನೊಂದು ಸಂಶಯ: ಎಣ್ಣೆಯನ್ನು ನಮ್ಮ ಕಡೆಯ ಗಾಣದಿಂದ ತಂದರೆ ಆಗುತ್ತದೆಯೇ?

ದುರ್ಗದ ಹೊರಗಿನವಳು

ಮುಖ್ಯ ಅಳತೆಗೆ ಬೇಡ. ಗಾಣದ ಎಣ್ಣೆಯ ಗುಣ ಬೀಜ, ಹಂಗಾಮು, ಶೇಖರಣೆಯ ಮೇಲೆ ಬದಲಾಗುತ್ತದೆ. ಒಣಗುವ ವೇಗದಲ್ಲಿ ವ್ಯತ್ಯಾಸ ಕಂಡರೆ ಕಾರಣ ಯಾವುದೆಂದು ಹೇಳಲಾಗುವುದಿಲ್ಲ. ಅಯೋಡಿನ್ ಮೌಲ್ಯ (ಎಣ್ಣೆಯ ಒಣಗುವ ಗುಣವನ್ನು ಸೂಚಿಸುವ ಅಂಕಿ) ನಮೂದಿಸಿದ ಪ್ರಯೋಗಾಲಯ ದರ್ಜೆಯ ಎಣ್ಣೆ ತನ್ನಿ, ಒಂದೇ ಬ್ಯಾಚಿನದು, ಪಿಎಚ್.ಡಿ. ಮುಗಿಯುವವರೆಗೆ ಸಾಲುವಷ್ಟು. ಕಪ್ಪು ಸೀಸೆಯಲ್ಲಿ, ತಂಪಿನಲ್ಲಿ, ಬಾಯಿ ಭದ್ರವಾಗಿ ಮುಚ್ಚಿಡಿ. ಗಾಣದ್ದನ್ನು ಪ್ರತ್ಯೇಕ ಅಧ್ಯಾಯವಾಗಿ ಮಾಡುವ ಆಸೆಯಿದ್ದರೆ ಮೂರನೆಯ ವರ್ಷಕ್ಕೆ ಇಟ್ಟುಕೊಳ್ಳಿ.

ಕೋಟೆಯಂಚಿನವ

ಫಲಿತಾಂಶ ಇಲ್ಲದ ತಿಂಗಳುಗಳನ್ನೂ ದಾಖಲೆ ಪುಸ್ತಕದಲ್ಲಿ ಬರೆಯಿರಿ. ಕರೆಂಟ್ ಹೋದ ಹೊತ್ತನ್ನೂ ಸೇರಿಸಿ. ಮೌಖಿಕ ಪರೀಕ್ಷೆಗೆ ನನ್ನನ್ನು ಕರೆದರೆ ಮೊದಲು ತೆರೆಯುವುದು ಆ ಪುಟಗಳನ್ನೇ.

ಹರಿಹರದ ಲೇಥ್

ಗಾರ್ಡ್ ಉಂಗುರ ಮತ್ತು ನಡುವಿನ ಬಿಲ್ಲೆ ನಾನು ತಿರುಗಿಸಿ ಕೊಡುತ್ತೇನೆ, ಹಿತ್ತಾಳೆಯಲ್ಲಿ. ನಕ್ಷೆ ಕಳಿಸಿ, ಅಳತೆ ಮಿಲಿಮೀಟರಿನಲ್ಲಿ ಇರಲಿ, ಅಂತರ ಎಷ್ಟು ಎಂದು ಸ್ಪಷ್ಟವಾಗಿ ಬರೆಯಿರಿ. ಮುಖ ಎಷ್ಟು ನುಣುಪಾಗಬೇಕೆಂದೂ ತಿಳಿಸಿ. ತಿರುಗಿಸಿದ ಮೇಲೆ ಎಣ್ಣೆ ಜಿಡ್ಡು ತೊಳೆಯುವುದು ನಿಮ್ಮ ಕೆಲಸ, ಅದನ್ನು ಮಾತ್ರ ಮರೆಯಬೇಡಿ.